ಹೊಸಬರಿಗೆ ಮಾರ್ಗದರ್ಶಿ: ಓಸ್ಕಿ ಮುಗಿದಿಲ್ಲ, ವೀಸಾ ಮುಗೀತಾ ಬಂತು, ಜೊತೆಗೆ ಸಂಸಾರ

ಈ ಭಾಗ ಬ್ರಿಟನ್‌ಗೆ ನರ್ಸ್ ಆಗಿ ಬಂದು ಇನ್ನೂ ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಮುಗಿಸದೆ, ಪಿನ್ (ನರ್ಸ್ ಅಂತ ನೋಂದಣಿ ಆದ ನಂಬರ್) ಕೈಗೆ ಸಿಗದೆ ಟ್ರೈನಿಂಗ್‌ನಲ್ಲಿ ಇರೋರಿಗೆ, ಅದರಲ್ಲೂ ಗಂಡ ಅಥವಾ ಹೆಂಡತಿ, ಮಕ್ಕಳನ್ನ ಕರ್ಕೊಂಡು ಬಂದಿರೋರಿಗೆ. ಅಕ್ಕಿ ಬೇಳೆ ಎಲ್ಲಿ ಸಿಗತ್ತೆ, ಮನೆ ಬಾಡಿಗೆ ಹೇಗೆ ಅನ್ನೋದು ಬೇರೆ ಭಾಗದಲ್ಲಿದೆ, ಅದನ್ನ ಎಲ್ಲರೂ ಓದ್ತಾರೆ. ಇದನ್ನ ಮಾತ್ರ ಯಾರೂ ಓದಲ್ಲ, ವೀಸಾ ಮುಗಿಯೋಕೆ ಒಂದು ವಾರ ಇದ್ದಾಗ ನಮ್ಮ ಸಂಘದ ಯುಗಾದಿ ಊಟದ ಸಾಲಲ್ಲಿ ತಟ್ಟೆ ಹಿಡ್ಕೊಂಡು ಕೇಳ್ತಾರೆ. ದಯವಿಟ್ಟು ಈಗ್ಲೇ ಕೂತು ಓದಿ, ಪಕ್ಕದಲ್ಲಿ ಮನೆಯವರನ್ನೂ ಕೂರಿಸ್ಕೊಳಿ.

ಒಂದೇ ಒಂದು ಮಾತು ನೆನಪಿಟ್ಕೊಂಡ್ರೂ ಸಾಕು. ಎಚ್‌ಆರ್‌ನೋರು ನಿಮ್ಮ ವೀಸಾ ಬಗ್ಗೆ ಮಾತ್ರ ಯೋಚನೆ ಮಾಡ್ತಾರೆ, ನಿಮ್ಮ ಮನೆಯವರ ವೀಸಾ ನಿಮ್ಮ ತಲೆನೋವು. ನಿಮ್ಮದು ಎಕ್ಸ್‌ಟೆಂಡ್ ಆಯ್ತು ಅಂದ್ರೆ ಡಿಪೆಂಡೆಂಟ್‌ದು (ನಿಮ್ಮ ವೀಸಾ ಮೇಲೆ ಬಂದ ಗಂಡ, ಹೆಂಡತಿ, ಮಕ್ಕಳದು) ತಾನಾಗೇ ಆಗಲ್ಲ.

ಮೊದಲು ಗಡುವುಗಳು

ಪಿನ್ ಇಲ್ದೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿ ಬಂದೋರಿಗೆ ಎರಡು ಗಡುವು ಇದೆ. ಓಸ್ಕಿ ಪರೀಕ್ಷೆಗೆ ಮೊದಲ ಸಲ 12 ವಾರದೊಳಗೆ ಕೂರಬೇಕು, ಎನ್‌ಎಂಸಿ (ಇಲ್ಲಿಯ ನರ್ಸಿಂಗ್ ಕೌನ್ಸಿಲ್) ರಿಜಿಸ್ಟ್ರೇಶನ್ 8 ತಿಂಗಳೊಳಗೆ ಆಗ್ಬೇಕು. ಲೆಕ್ಕ ಶುರುವಾಗೋದು ನೀವು ವಿಮಾನ ಇಳಿದ ದಿನದಿಂದಲ್ಲ, ಸಿಒಎಸ್‌ನಲ್ಲಿ (ಎಂಪ್ಲಾಯರ್ ವೀಸಾಗೆ ಕೊಡೋ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್) ಬರೆದಿರೋ ಕೆಲಸ ಶುರುವಾಗೋ ದಿನದಿಂದ. ಅಷ್ಟೊತ್ತು ನಿಮಗೆ ಸಾಮಾನ್ಯವಾಗಿ ಬ್ಯಾಂಡ್ 3 (ಸರ್ಕಾರಿ ಆಸ್ಪತ್ರೆಯ ಸಂಬಳ ಶ್ರೇಣಿ) ಸಂಬಳ, ಪಿನ್ ಬಂದ ಮೇಲೆ ಬ್ಯಾಂಡ್ 5. ಆ ಬದಲಾವಣೆನ ಹೋಮ್ ಆಫೀಸಿಗೆ (ವೀಸಾ ನೋಡ್ಕೊಳೋ ಸರ್ಕಾರಿ ಇಲಾಖೆ) ತಿಳಿಸೋದು ಎಂಪ್ಲಾಯರ್ ಕೆಲಸ.

ಓಸ್ಕಿಲಿ 10 ಸ್ಟೇಷನ್ (ಒಂದೊಂದು ಕೆಲಸ ಮಾಡಿ ತೋರಿಸೋ ಹಂತ) ಇರತ್ತೆ, ಒಂದು ಅರ್ಜಿಗೆ ಮೂರು ಅವಕಾಶ. ಮೂರೂ ಹೋದ್ರೆ ಮತ್ತೆ ಅರ್ಜಿ ಹಾಕೋಕೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ 8 ತಿಂಗಳ ಗಡುವು ಎಲ್ಲಿಗೆ ಬಂದಿರತ್ತೆ ನೀವೇ ಲೆಕ್ಕ ಹಾಕಿ. ಗಡುವೊಳಗೆ ರಿಜಿಸ್ಟ್ರೇಶನ್ ಆಗ್ಲಿಲ್ಲ ಅಂದ್ರೆ ಎಂಪ್ಲಾಯರ್ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕಾಗತ್ತೆ, ಆಮೇಲೆ ಹೋಮ್ ಆಫೀಸಿಂದ ಪತ್ರ ಬರತ್ತೆ, ಸಾಮಾನ್ಯವಾಗಿ 60 ದಿನ ಕೊಡ್ತಾರೆ, ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಿ ಹೊಸ ಅರ್ಜಿ ಹಾಕಬೇಕು ಇಲ್ಲಾ ಹೊರಡಬೇಕು. ನಿಮ್ಮ ವೀಸಾ ಮೊಟಕಾದ್ರೆ ಮನೆಯವರದ್ದೂ ಉಳಿಯಲ್ಲ. ಅದಕ್ಕೇ ಎರಡನೇ ಸಲ ಫೇಲ್ ಆದ ತಕ್ಷಣ ಮುಚ್ಚಿಡದೆ ವಾರ್ಡ್ ಮ್ಯಾನೇಜರ್ ಹತ್ರ, ಟ್ರೈನಿಂಗ್ ಕೊಡೋ ಪ್ರಾಕ್ಟೀಸ್ ಎಜುಕೇಟರ್ ಹತ್ರ ಬಾಯಿ ಬಿಟ್ಟು ಮಾತಾಡಿ. ನಮ್ಮೋರ ದೊಡ್ಡ ರೋಗ ಸಂಕೋಚ. ಫೇಲ್ ಆಗಿದ್ದು ಊರಲ್ಲಿ ಗೊತ್ತಾಗತ್ತೆ ಅಂತ ಇಲ್ಲಿ ಒಬ್ಬರಿಗೂ ಹೇಳದೆ ಒಳಗೊಳಗೇ ಕೊರಗೋರು ಪ್ರತಿ ಬ್ಯಾಚಲ್ಲೂ ಇರ್ತಾರೆ. ಮಲಯಾಳಿ ನರ್ಸುಗಳನ್ನ ನೋಡಿ, ಒಬ್ಬರು ಓಸ್ಕಿಗೆ ಹೋಗ್ತಾರೆ ಅಂದ್ರೆ ಹತ್ತು ಜನ ಸೇರಿ ಅಡುಗೆಮನೆ ಟೇಬಲ್ ಮೇಲೆ ದಿಂಬು ಮಲಗಿಸಿ ಸಿಪಿಆರ್ ಮಾಡಿಸ್ತಾರೆ. ನಾವೂ ಈಗ ಭಾನುವಾರ ಕನ್ನಡ ಕ್ಲಾಸ್ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ಅಭ್ಯಾಸ ಶುರು ಮಾಡಿದೀವಿ, ಬನ್ನಿ, ಫೀಸ್ ಇಲ್ಲ.

ಪರೀಕ್ಷೆ ಫೀಸು 794 ಪೌಂಡ್, 7 ಅಥವಾ ಅದಕ್ಕಿಂತ ಕಮ್ಮಿ ಸ್ಟೇಷನ್ ಹೋಗಿದ್ರೆ ಮರುಪರೀಕ್ಷೆಗೆ 397. ಯಾವ್ಯಾವುದನ್ನ ಆಸ್ಪತ್ರೆ ಕಟ್ಟತ್ತೆ ಅಂತ ಆಫರ್ ಲೆಟರ್‌ನಲ್ಲಿ ನೋಡ್ಕೊಳಿ.

ಎಕ್ಸ್‌ಟೆನ್ಷನ್ ಅರ್ಜಿ

ಕೆಲವರಿಗೆ ಎಂಪ್ಲಾಯರ್ ಒಂದೇ ಸಲಕ್ಕೆ 3 ವರ್ಷ, 5 ವರ್ಷದ ಸಿಒಎಸ್ ಕೊಡ್ತಾರೆ, ಕೆಲವರಿಗೆ ಗಿಡ್ಡದು ಕೊಡ್ತಾರೆ. ಗಿಡ್ಡದು ಸಿಕ್ಕೋರು ಮೂರು ನಾಲ್ಕು ತಿಂಗಳು ಮುಂಚೆನೇ ಎಚ್‌ಆರ್‌ಗೆ ಇಮೇಲ್ ಹಾಕಿ, ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಳಗಿಂದ ಅರ್ಜಿ ಹಾಕೋರಿಗೆ ಬೇಕಾಗೋದು ಅನ್‌ಡಿಫೈನ್ಡ್ ಸಿಒಎಸ್, ಹೊರಗಿಂದ ಬರೋರ ಥರದ್ದು ಬೇರೆ. ಸಿಒಎಸ್ ಕೊಟ್ಟ ಮೇಲೆ 3 ತಿಂಗಳೊಳಗೆ ಬಳಸಬೇಕು.

ಅರ್ಜಿನ ಈಗಿರೋ ವೀಸಾ ಮುಗಿಯೋ ಮುಂಚೆ ಹಾಕಿದ್ರೆ, ಉತ್ತರ ಬರೋವರೆಗೂ ಹಳೇ ಷರತ್ತಿನ ಮೇಲೇ ಇಲ್ಲೇ ಇದ್ದು ಕೆಲಸ ಮಾಡ್ಬಹುದು, 1971ರ ಇಮಿಗ್ರೇಶನ್ ಕಾಯ್ದೆಯ ಸೆಕ್ಷನ್ 3ಸಿ ಅಂತಾರೆ ಅದಕ್ಕೆ. ಒಂದು ದಿನ ತಡ ಆದ್ರೂ ಆ ರಕ್ಷಣೆ ಇಲ್ಲ. ಉತ್ತರ ಸಾಮಾನ್ಯವಾಗಿ 8 ವಾರದೊಳಗೆ. ಈ ಮಧ್ಯೆ ಎಂಪ್ಲಾಯರ್ ಶೇರ್ ಕೋಡ್ (ನಿಮ್ಮ ವೀಸಾ ಆನ್‌ಲೈನಲ್ಲಿ ತೋರಿಸೋ ನಂಬರ್) ಚೆಕ್ ಮಾಡಿ ಡೇಟ್ ಮುಗಿದಿದೆ ಅಂತ ಗಾಬರಿ ಆದ್ರೆ, ಹೋಮ್ ಆಫೀಸಿನ ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ನಲ್ಲಿ ವಿಚಾರಿಸಿ ಅನ್ನಿ, ಅಲ್ಲಿಂದ ಬರೋ ನೋಟಿಸ್ 6 ತಿಂಗಳು ನಡೆಯತ್ತೆ. ನಿಮ್ಮ ಆಸ್ಪತ್ರೆಗೆ ಇದೆಲ್ಲ ಗೊತ್ತಿರತ್ತೆ, ಗೊತ್ತಿಲ್ದೇ ಇರೋದು ನಿಮ್ಮ ಯಜಮಾನ್ರು ಕೆಲಸ ಮಾಡೋ ವೇರ್‌ಹೌಸಿಗೆ. ಅವರ ಮ್ಯಾನೇಜರ್ "ನಾಳೆಯಿಂದ ಬರ್ಬೇಡ" ಅಂದುಬಿಡ್ತಾರೆ, ನಾವು ತಲೆ ಬಗ್ಗಿಸ್ಕೊಂಡು ಮನೆಗೆ ಬರ್ತೀವಿ. ಬರ್ಬೇಡಿ, ಅರ್ಜಿ ಹಾಕಿದ ದಾಖಲೆ ತೋರಿಸಿ, ಚೆಕ್ ಮಾಡಿ ಅಂತ ಕೇಳಿ.

ಅರ್ಜಿ ಒಳಗಿರೋವಾಗ ಊರಿಗೆ ಹೋಗ್ಬೇಡಿ. ಬ್ರಿಟನ್, ಐರ್ಲೆಂಡ್, ಚಾನಲ್ ಐಲ್ಯಾಂಡ್ಸ್, ಐಲ್ ಆಫ್ ಮ್ಯಾನ್ ಬಿಟ್ಟು ಹೊರಗೆ ಕಾಲಿಟ್ರೆ ಅರ್ಜಿ ವಾಪಸ್ ತಗೊಂಡ ಹಾಗೆ. ತಂಗಿ ಮದುವೆ ಇದೆ, ಮಾವನ ಮನೆ ಗೃಹಪ್ರವೇಶ ಇದೆ, ಟಿಕೆಟ್ ಚೀಪಲ್ಲಿ ಸಿಕ್ತು, ಇದ್ಯಾವುದೂ ಹೋಮ್ ಆಫೀಸಿಗೆ ಬೇಕಾಗಿಲ್ಲ. ಮುಹೂರ್ತ ಗೊತ್ತಿದ್ರೆ ಮುಂಚೆನೇ ಅರ್ಜಿ ಹಾಕಿ, ಇಲ್ಲಾ ಪ್ರಯಾರಿಟಿ (ಬೇಗ ಉತ್ತರ ಕೊಡೋ ಸೇವೆ) ಸಿಗತ್ತಾ ನೋಡಿ, ಅದಕ್ಕೆ ತಲೆಗೆ 500 ಪೌಂಡ್ ಜಾಸ್ತಿ.

ಡಿಪೆಂಡೆಂಟ್‌ಗಳು: ಇದನ್ನ ಎರಡು ಸಲ ಓದಿ

ಗಂಡ, ಹೆಂಡತಿ, ಪ್ರತಿ ಮಗು, ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಫೀಸು. ನಿಮ್ಮ ಜೊತೆಗೇ ಹಾಕ್ಬಹುದು, ಆಮೇಲೂ ಹಾಕ್ಬಹುದು, ಆದರೆ ಅವರವರ ವೀಸಾ ಮುಗಿಯೋ ಮುಂಚೆ. ಜೊತೆಗೇ ಹಾಕಿ ಅಂತ ನಾವು ಹೇಳೋದು. ಅವರ ಅರ್ಜಿಲಿ ನಿಮ್ಮ ಅರ್ಜಿಯ ಗುರುತಿನ ನಂಬರ್, ಅಂದ್ರೆ ಜಿಡಬ್ಲ್ಯುಎಫ್ ಅಥವಾ ಯುಎಎನ್ ನಂಬರ್ ಕೇಳತ್ತೆ, ಬರೆದಿಟ್ಕೊಳಿ.

ದುಡ್ಡಿನ ಲೆಕ್ಕ ಹೀಗೆ. 2025ರ ಏಪ್ರಿಲ್ ರೇಟಲ್ಲಿ ವೀಸಾ ಫೀಸು ಒಬ್ಬರಿಗೆ 3 ವರ್ಷದವರೆಗೆ 304 ಪೌಂಡ್ ಇತ್ತು, ಅದಕ್ಕಿಂತ ಜಾಸ್ತಿ ಆದ್ರೆ 590, ಡಿಪೆಂಡೆಂಟ್‌ಗೂ ಇದೇ ರೇಟು. ನಾಲ್ಕು ಜನರ ಮನೆಗೆ 590ರ ಹಾಗೆ 2360 ಪೌಂಡ್ ಆಯ್ತು. ಆಸ್ಪತ್ರೆ ಕಟ್ಟೋದಾದ್ರೂ ಬಹಳ ಕಡೆ ನರ್ಸ್‌ದು ಮಾತ್ರ. ರೇಟು ಏಪ್ರಿಲ್‌ನಲ್ಲಿ ಬದಲಾಗೋ ಅಭ್ಯಾಸ ಇದೆ, ಕಟ್ಟೋ ದಿನ ಸರ್ಕಾರಿ ಸೈಟಲ್ಲಿ ನೋಡಿ.

ಹೆಲ್ತ್ ಸರ್‌ಚಾರ್ಜ್ (ಇಲ್ಲಿಯ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟೋ ದುಡ್ಡು) ನಿಮಗೂ ಇಲ್ಲ, ಡಿಪೆಂಡೆಂಟ್‌ಗೂ ಇಲ್ಲ. ಆದರೆ ಅವರ ಫಾರ್ಮ್ ತುಂಬೋವಾಗ ಹೆಲ್ತ್ ಅಂಡ್ ಕೇರ್ ಅನ್ನೋದನ್ನ ಬಿಟ್ಟು ಬರೀ ಸ್ಕಿಲ್ಡ್ ವರ್ಕರ್ ಒತ್ತಿಬಿಟ್ರೆ ಕೊನೇ ಪೇಜಲ್ಲಿ ದೊಡ್ಡವರಿಗೆ ವರ್ಷಕ್ಕೆ 1035 ಪೌಂಡ್ ಕೇಳತ್ತೆ. ಅಂಥ ಮೊತ್ತ ಕಂಡ್ರೆ ಕಾರ್ಡ್ ನಂಬರ್ ಹಾಕ್ಬೇಡಿ, ಹಿಂದಕ್ಕೆ ಹೋಗಿ ಏನು ಒತ್ತಿದೀರ ನೋಡಿ.

ಮೇಂಟೆನೆನ್ಸ್ ದುಡ್ಡು, ಅಂದ್ರೆ ಇಲ್ಲಿ ಬದುಕೋಕೆ ಹಣ ಇದೆ ಅಂತ ತೋರಿಸೋದು. ಬ್ರಿಟನ್‌ನಲ್ಲಿ ವೀಸಾ ಮೇಲೆ 12 ತಿಂಗಳು ಆಗಿರೋರು ಬ್ಯಾಂಕ್ ಬ್ಯಾಲೆನ್ಸ್ ತೋರಿಸ್ಬೇಕಿಲ್ಲ. ಇಲ್ಲೇ ಎಡವೋದು: ನಿಮಗೆ ವರ್ಷ ತುಂಬಿರತ್ತೆ, ಮನೆಯವರು ಆಮೇಲೆ ಬಂದಿರ್ತಾರೆ, ಅವರಿಗೆ ತುಂಬಿರಲ್ಲ. ಆಗ ಸಂಗಾತಿಗೆ 285, ಮೊದಲ ಮಗುಗೆ 315, ಆಮೇಲಿನ ಪ್ರತಿ ಮಗುಗೆ 200 ಪೌಂಡ್ ಸತತ 28 ದಿನ ಅಕೌಂಟಲ್ಲಿ ಇರಬೇಕು, ಒಂದೇ ಒಂದು ದಿನ ಕಮ್ಮಿ ಆದ್ರೂ ಲೆಕ್ಕ ಮೊದಲಿಂದ. ಆ ತಿಂಗಳು ಊರಿನ ಚೀಟಿಗೆ, ಸೈಟಿನ ಕಂತಿಗೆ ದುಡ್ಡು ಕಳಿಸೋ ಉತ್ಸಾಹ ಸ್ವಲ್ಪ ತಡೀರಿ. ಇಲ್ಲಾಂದ್ರೆ ಎಂಪ್ಲಾಯರ್ ಸಿಒಎಸ್‌ನಲ್ಲಿ ಮೇಂಟೆನೆನ್ಸ್ ಸರ್ಟಿಫೈ ಮಾಡ್ಬಹುದು, ಡಿಪೆಂಡೆಂಟ್‌ಗೂ ಸೇರಿಸಿ ಮಾಡಿ ಅಂತ ನೀವೇ ಬಾಯಿ ಬಿಟ್ಟು ಕೇಳ್ಬೇಕು.

ಮದುವೆ ಸರ್ಟಿಫಿಕೇಟ್. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ, ಆಲ್ಬಂ, ಇವೆಲ್ಲ ನೆನಪಿಗೆ ಚೆಂದ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ ಕಾಗದ ಬೇಕು. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇದೆಯಾ ನೋಡಿ, ಆಸ್ಪತ್ರೆಲಿ ಬರೆಸಿದ್ದು, ನಾಮಕರಣ ಆಮೇಲೆ ಆಗಿದ್ದು, ಹೆಸರಿನ ಜಾಗ ಇವತ್ತಿಗೂ ಖಾಲಿ, ಇದು ನಮ್ಮಲ್ಲಿ ಎಷ್ಟು ಮನೆ ಕಥೆ! ಕನ್ನಡದಲ್ಲಿ ಮಾತ್ರ ಇದ್ರೆ ಸರ್ಟಿಫೈಡ್ ಅನುವಾದ ಮಾಡಿಸಿ.

ಇಲ್ಲೇ ಹುಟ್ಟಿದ ಮಗು. ಇಂಗ್ಲೆಂಡಲ್ಲಿ ಹುಟ್ಟಿದ್ರೆ ಬ್ರಿಟಿಷ್ ಆಗಿಬಿಡ್ತು ಅಂತ ಅಜ್ಜಿ ತಾತ ಊರೆಲ್ಲ ಹೇಳ್ಕೊಂಡು ಬಂದಿರ್ತಾರೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದ್ರೂ ಬ್ರಿಟಿಷ್ ಪ್ರಜೆ ಅಥವಾ ಸೆಟಲ್ಡ್ (ಇಲ್ಲೇ ಕಾಯಂ ಇರೋ ಅನುಮತಿ ಇರೋರು) ಆಗಿಲ್ಲ ಅಂದ್ರೆ ಮಗು ಬ್ರಿಟಿಷ್ ಅಲ್ಲ. 42 ದಿನದೊಳಗೆ ಇಲ್ಲಿ ರಿಜಿಸ್ಟರ್ ಮಾಡಿಸಿ, ಅಪ್ಪ ಅಮ್ಮನ ಹೆಸರಿರೋ ಪೂರ್ತಿ ಸರ್ಟಿಫಿಕೇಟ್ ತಗೊಳಿ, ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಲ್ಲಿ ಜನನ ನೋಂದಣಿ ಮಾಡಿಸಿ ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಡಿಪೆಂಡೆಂಟ್ ಅರ್ಜಿ. ವೀಸಾ ಇಲ್ಲದ ಮಗುನ ಊರಿಗೆ ಕರ್ಕೊಂಡು ಹೋದ್ರೆ ವಾಪಸ್ ಬರೋಕೆ ಅಲ್ಲಿಂದ ಹೊಸ ವೀಸಾ ಬೇಕು, ನಿಮ್ಮ ರಜೆ ಮುಗಿದಿರತ್ತೆ, ಮಗು ಅಲ್ಲೇ.

ಹೆಸರಿನ ಗೋಳು

ನಮ್ಮ ಕಡೆ ಸರ್‌ನೇಮ್ ಅನ್ನೋದೇ ಬಹಳ ಜನಕ್ಕೆ ಇಲ್ಲ. ಉದಾಹರಣೆಗೆ ಸವಿತಾ ಕೆ ಆರ್ ಅಂತ ಇಟ್ಕೊಳಿ, ಕೆ ಅಂದ್ರೆ ಊರು, ಆರ್ ಅಂದ್ರೆ ಅಪ್ಪ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಸವಿತಾ ಕೆ ಆರ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟಲ್ಲಿ ಕೆ ಆರ್ ಸವಿತಾ, ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಮೂರು ಪದ, ಸರ್‌ನೇಮ್ ಜಾಗ ಖಾಲಿ. ಇಲ್ಲಿ ಬಂದ ಮೇಲೆ ಆ ಮೂರು ಪದನ ಒಂದೊಂದು ಆಫೀಸು ಒಂದೊಂದು ಥರ ಒಡೀತಾರೆ, ಬ್ಯಾಂಕಲ್ಲಿ ಅಪ್ಪನ ಹೆಸರು ಸರ್‌ನೇಮ್, ಜಿಪಿ (ಏರಿಯಾ ಡಾಕ್ಟರ್) ಹತ್ರ ಊರಿನ ಹೆಸರು ಸರ್‌ನೇಮ್. ವಾರ್ಡಲ್ಲಿ ಬ್ಯಾಡ್ಜ್ ಮೇಲೆ ಅಪ್ಪನ ಹೆಸರು ಹಾಕ್ಕೊಂಡು ಓಡಾಡೋ ನರ್ಸುಗಳು ನಮ್ಮಲ್ಲಿ ಕಮ್ಮಿ ಇಲ್ಲ. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಎಲ್ಲಾ ಕಡೆ ಬರೆಸಿ, ಎನ್‌ಎಂಸಿಲೂ ಅದೇ. ಇಲ್ಲಿ ಹುಟ್ಟಿದ ಮಗುಗೆ ಏನು ಸರ್‌ನೇಮ್ ಅಂತ ರಿಜಿಸ್ಟ್ರಾರ್ ಮುಂದೆ ಕೂತು ಜಗಳ ಆಡ್ಬೇಡಿ, ಮನೆಲೇ ತೀರ್ಮಾನ ಮಾಡ್ಕೊಂಡು ಹೋಗಿ.

ಇ-ವೀಸಾ

ವೀಸಾ ವಿವರ ಇರ್ತಿದ್ದ ಬಿಆರ್‌ಪಿ ಕಾರ್ಡ್ ಕಾಲ 2024ರ ಡಿಸೆಂಬರ್ 31ಕ್ಕೆ ಮುಗೀತು. ಈಗ ಎಲ್ಲಾ ಯುಕೆವಿಐ (ಹೋಮ್ ಆಫೀಸಿನ ವೀಸಾ ವಿಭಾಗ) ಆನ್‌ಲೈನ್ ಅಕೌಂಟಲ್ಲಿ. ಮಕ್ಕಳಿಗೂ ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ರೆ ಹೊಸ ನಂಬರ್ ಅಲ್ಲಿ ಅಪ್‌ಡೇಟ್ ಮಾಡಿ, ಇಲ್ಲಾಂದ್ರೆ ಬೆಂಗಳೂರು ಏರ್‌ಪೋರ್ಟಲ್ಲಿ ಚೆಕ್‌ಇನ್ ಕೌಂಟರ್ ಮುಂದೆ ನಿಲ್ಲಿಸ್ತಾರೆ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ, ನೆನಪಿರಲಿ.

ಚಿಕ್ಕಪುಟ್ಟದ್ದು

- ಟಿಬಿ ಟೆಸ್ಟ್: ಒಳಗಿಂದ ಎಕ್ಸ್‌ಟೆಂಡ್ ಮಾಡೋಕೆ ಬೇಡ.
- ಸಂಗಾತಿ ಕೆಲಸ: ಮಾಡ್ಬಹುದು, ವೃತ್ತಿಪರ ಕ್ರೀಡಾಪಟು, ಕೋಚ್ ಬಿಟ್ಟು.
- ಚೈಲ್ಡ್ ಬೆನಿಫಿಟ್, ಯೂನಿವರ್ಸಲ್ ಕ್ರೆಡಿಟ್: ಮುಟ್ಟಬೇಡಿ. ವೀಸಾದಲ್ಲಿ ಪಬ್ಲಿಕ್ ಫಂಡ್ಸ್ (ಸರ್ಕಾರದ ಸಹಾಯಧನ) ಇಲ್ಲ ಅಂತ ಇರತ್ತೆ. ಪಕ್ಕದ ಮನೆಯವರು ತಗೊಳ್ತಾರೆ ಅಂತ ಹಾಕ್ಬೇಡಿ.
- ಸ್ಕೂಲು, ಎನ್‌ಎಚ್‌ಎಸ್ (ಸರ್ಕಾರಿ ಆಸ್ಪತ್ರೆ ಸೇವೆ): ಅದು ಬೇರೆ, ಧಾರಾಳವಾಗಿ ಬಳಸಿ. ಇಂಗ್ಲೆಂಡಲ್ಲಿ 3, 4 ವರ್ಷದ ಮಕ್ಕಳಿಗೆ ವಾರಕ್ಕೆ 15 ಗಂಟೆ ನರ್ಸರಿನೂ ಸಿಗತ್ತೆ.
- ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್: ಎಂಪ್ಲಾಯರ್ ಕಟ್ಟಬೇಕು, ನಿಮ್ಮ ಸಂಬಳದಲ್ಲಿ ಹಿಡಿಯೋ ಹಾಗಿಲ್ಲ.
- ಕೆಲಸ ಬದಲಾಯಿಸೋದು: ಹೊಸ ಸಿಒಎಸ್, ಹೊಸ ಅರ್ಜಿ, ಒಪ್ಪಿಗೆ ಸಿಗೋ ಮುಂಚೆ ಅಲ್ಲಿ ಸೇರ್ಬೇಡಿ. ಹಳೇ ಕಡೆಯವರು ನಿಮಗೆ ಮಾಡಿದ ಖರ್ಚಲ್ಲಿ ಎಷ್ಟು ವಾಪಸ್ ಕೊಡಬೇಕು ಅಂತ ಕಾಂಟ್ರಾಕ್ಟಲ್ಲಿ ನೋಡಿ.
- ಕೇರ್ ವರ್ಕರ್‌ಗಳಿಗೆ ಡಿಪೆಂಡೆಂಟ್ ಕರ್ಕೊಂಡು ಬರೋದು 2024ರ ಮಾರ್ಚ್ 11ರಿಂದ ನಿಂತಿದೆ. ಅದು ನರ್ಸುಗಳಿಗಲ್ಲ, ವಾಟ್ಸಾಪ್ ಫಾರ್ವರ್ಡ್ ನೋಡಿ ಅಳಬೇಡಿ.

ಯಾರನ್ನ ಕೇಳೋದು

ಸಂಘದವರು ನಮ್ಮ ಅನುಭವ ಹೇಳ್ಬಹುದು, ಫೈಲ್ ಜೋಡಿಸೋಕೆ ಜೊತೆಗೆ ಕೂರಬಹುದು, ನೀವು ಬಯೋಮೆಟ್ರಿಕ್‌ಗೆ ಹೋದಾಗ ಮಗು ನೋಡ್ಕೊಬಹುದು, ಮಾಡ್ತಾನೂ ಇದೀವಿ. ಆದರೆ "ನನ್ನ ಕೇಸಲ್ಲಿ ಏನು ಮಾಡ್ಲಿ" ಅಂತ ಕೇಳಿದ್ರೆ ಸಲಹೆ ಕೊಡೋ ಹಾಗಿಲ್ಲ, ಈ ದೇಶದಲ್ಲಿ ಅನುಮತಿ ಇಲ್ದೆ ಇಮಿಗ್ರೇಶನ್ ಸಲಹೆ ಕೊಡೋದು ಅಪರಾಧ. ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಲಿ ನೋಂದಾಯಿಸಿರೋ ಸಲಹೆಗಾರರು ಇಲ್ಲಾ ಸಾಲಿಸಿಟರ್ ಹತ್ರ ಹೋಗಿ, ಪಟ್ಟಿ ಸರ್ಕಾರಿ ಸೈಟಲ್ಲೇ ಇದೆ. ನಿಮ್ಮ ಯೂನಿಯನ್‌ನಲ್ಲೂ ವಿಚಾರಿಸಿ, ಬಂದ ತಕ್ಷಣ ಮೆಂಬರ್ ಆಗಿರೋದು ಒಳ್ಳೇದು. ಊರಲ್ಲಿ ನಿಮ್ಮನ್ನ ಕಳಿಸಿದ ಏಜೆಂಟ್‌ಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಅವರ ಕೆಲಸ ವಿಮಾನ ಹತ್ತಿಸಿದಲ್ಲಿಗೆ ಮುಗೀತು.

ನಮಗೆ ಫೋನ್ ಮಾಡೋ ಮುಂಚೆ ಮನೆಯಲ್ಲಿರೋ ಪ್ರತಿಯೊಬ್ಬರ ವೀಸಾ ಮುಗಿಯೋ ದಿನ, ಪಾಸ್‌ಪೋರ್ಟ್ ಮುಗಿಯೋ ದಿನ, ಬ್ರಿಟನ್‌ಗೆ ಬಂದ ದಿನ, ಜೊತೆಗೆ ನಿಮ್ಮ ಓಸ್ಕಿ ತಾರೀಖು, ಎಲ್ಲಾ ಒಂದೇ ಹಾಳೆಲಿ ಬರೆದು ಇಟ್ಕೊಳಿ. ಮಧ್ಯಾಹ್ನ ಮೂರು ಗಂಟೆ ಒಳಗೆ ಮಾಡ್ಬೇಡಿ, ನಮ್ಮ ವಾಲಂಟಿಯರ್ಸ್‌ನಲ್ಲಿ ಸುಮಾರು ಜನ ನರ್ಸುಗಳೇ, ನೈಟ್ ಮುಗಿಸಿ ಮಲಗಿರ್ತಾರೆ.