ಮೂರು ಹಂಡೆ, ಒಂದೇ ಕೆಂಪು: ಚಿಂಚೆರೊದಲ್ಲಿ ಕೊಚಿನಿಯಲ್ ಬಣ್ಣದ ಅನುಭವ

ಪೆರುವಿನ ಚಿಂಚೆರೊದಲ್ಲಿ ಹನ್ನೆರಡು ಲಿಕ್ಲಾಗಳ, ಅಂದರೆ ಹೆಂಗಸರು ಹೊದೆಯುವ ಶಾಲುಗಳ ಆರ್ಡರ್. ಹನ್ನೆರಡರ ಒಡಲೂ ಒಂದೇ ಕೆಂಪಿರಬೇಕು, ಅದೂ ಹುಳದ ಕೆಂಪೇ, ಕಳ್ಳಿಯ ಮೇಲೆ ಬೆಳೆಯುವ ಕೊಚಿನಿಯಲ್ ಹುಳವನ್ನು ಒಣಗಿಸಿ ಪುಡಿಮಾಡಿ ತೆಗೆದದ್ದು. ಮಗ್ಗದ ಹೆಂಗಸರು ನಕ್ಕರು. ಬಣ್ಣ ಹಾಕುವವರಲ್ಲೇ ಇಬ್ಬರು, ಆರು ಕಿಲೋ ನೂಲಿಗೆ ಒಂದೇ ಛಾಯೆ ಬೇಕಿದ್ದರೆ ಅಂಗಡಿಯ ಪುಡಿ ಬಣ್ಣವೇ ಗತಿ ಅಂದರು. ನಾಲ್ಕನೇ ಸಲಕ್ಕೆ ಕೂತಿತು. ಹೇಗೆ ಕೂತಿತು ಅನ್ನುವುದನ್ನು ಹಂಡೆ ಹತ್ತಿಸಿ ಅಭ್ಯಾಸವಿರುವವರಿಗೆಂದು ಬರೆಯುತ್ತಿದ್ದೇನೆ. ನೂಲು ತೊಳೆಯುವುದು, ಬಣ್ಣ ಹಿಡಿಯಲೆಂದು ಪಟಿಕ ಕಟ್ಟುವುದು ಇವನ್ನೆಲ್ಲ ಮೊದಲಿಂದ ಹೇಳುವುದಿಲ್ಲ.

ಆಂಡೀಸ್ ಬೆಟ್ಟಸೀಮೆಯ ಕೆಚುವಾ ಜನರ ನೇಯ್ಗೆಯಲ್ಲಿ ಇದು ಯಾಕೆ ಕಷ್ಟ ಅಂದರೆ, ಬಟ್ಟೆಯಲ್ಲಿ ಕಾಣುವುದು ಹಾಸು ಮಾತ್ರ. ನಮ್ಮ ಸೀರೆಗಳಲ್ಲಿ ಹಾಸು, ಹೊಕ್ಕು ಎರಡೂ ಮೇಲೆ ಬರುತ್ತವೆ, ಬಣ್ಣದ ಸಣ್ಣ ಹೆಚ್ಚುಕಮ್ಮಿ ಒಂದರೊಳಗೊಂದು ಕಲೆತುಹೋಗುತ್ತದೆ. ಇಲ್ಲಿ ಹೊಕ್ಕು ಪೂರ್ತಿ ಮುಚ್ಚಿಹೋಗಿ, ಅಂಚಿನಲ್ಲಿ ಚೂರು ಇಣುಕುತ್ತದೆ ಅಷ್ಟೆ. ಹಾಸಿನ ಒಂದು ಲಡಿ ಮಂಕಾದರೆ ಬಟ್ಟೆಯುದ್ದಕ್ಕೂ ಗೆರೆ. ಸಾಲದ್ದಕ್ಕೆ ಲಿಕ್ಲಾ ಎರಡು ತುಂಡು ನೇಯ್ದು ನಡುವೆ ಹೊಲಿದದ್ದು. ಎರಡು ತುಂಡಿನ ಕೆಂಪು ಬೇರೆಯಾದರೆ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತದೆ.

ನಮ್ಮ ಹಂಡೆ ಅರವತ್ತು ಲೀಟರಿನದು. ಲಡಿಗಳು ಸಲೀಸಾಗಿ ಈಜಬೇಕಾದರೆ ಎರಡು ಕಿಲೋಗಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಮೂರು ಹಂಡೆ ಬೇಕೇ ಬೇಕು.

ಮೊದಲ ಸಲ ಪ್ರತಿ ಹಂಡೆಗೂ 240 ಗ್ರಾಂ ಪುಡಿ ತೂಗಿ, ಅದದರಲ್ಲೇ ಕುದಿಸಿದೆವು. ತೂಕ ಒಂದೇ, ಕೆಂಪು ಮೂರು ಬಗೆ. ಪುಡಿ ಒಂದೇ ಸಮ ಇರಲಿಲ್ಲ. ತರಿ ಉಳಿದಲ್ಲಿ ಬಣ್ಣ ತಡವಾಗಿ ಬಿಟ್ಟಿತು, ಆ ತರಿಯೇ ನೂಲಿಗಂಟಿ ಕಪ್ಪು ಚುಕ್ಕೆಯೂ ಆಯಿತು. ಎರಡನೇ ಸಲ ಕಲ್ಲಿನಲ್ಲಿ ಗಂಧದಂತೆ ನುಣ್ಣಗೆ ಅರೆದೆವು. ಆದರೆ ಮೂರನೇ ಹಂಡೆಗೆ ನೀರು ಹೊತ್ತದ್ದು ತುಕ್ಕು ಹಿಡಿದ ಡ್ರಮ್ಮಿನಿಂದ. ಕಬ್ಬಿಣ ತಗುಲಿದ ಕೊಚಿನಿಯಲ್ ನೇರಳೆಗೆ ತಿರುಗುತ್ತದೆ, ತಿರುಗಿತು. ಮೂರನೇ ಸಲದ ಉಪಾಯ ನನ್ನದೇ, ದಡ್ಡತನವೂ ನನ್ನದೇ. ಬಣ್ಣ ಸ್ವಲ್ಪ ಬೇರೆಯಾದರೇನು, ಹಾಸು ಹಾಕುವಾಗ ಮೂರು ಹಂಡೆಯ ಉಂಡೆಗಳನ್ನು ಸರದಿಯ ಮೇಲೆ ಬಳಸಿದರಾಯಿತು ಅಂದುಕೊಂಡೆ. ಉಂಡೆ ಬದಲಾದಲ್ಲೆಲ್ಲ ಗಂಟು. ಈ ಬಟ್ಟೆಗೆ ನಾಲ್ಕೂ ಕಡೆ ನೇಯ್ದ ಅಂಚು, ಕತ್ತರಿಸಿ ಮಡಚುವ ತುದಿಯೇ ಇಲ್ಲ. ಗಂಟು ಎಲ್ಲಿ ಬಚ್ಚಿಡುತ್ತೀರಿ?

ಗೆದ್ದದ್ದು ಹೀಗೆ. ಆರು ಕಿಲೋ ನೂಲಿಗೆ 720 ಗ್ರಾಂ ಹುಳ, ಅಂದರೆ ನೂಲಿನ ತೂಕಕ್ಕೆ ನೂರಕ್ಕೆ ಹನ್ನೆರಡು. ಎಣಿಸಿದರೆ ಹೆಚ್ಚುಕಮ್ಮಿ ಒಂದು ಲಕ್ಷ ಹುಳ. ಪಟಿಕ 900 ಗ್ರಾಂ, ಕ್ರೀಮ್ ಆಫ್ ಟಾರ್ಟರ್ 300. ಪುಡಿಯನ್ನು ಒಂದೇ ಪಾತ್ರೆಯಲ್ಲಿ ಮೂರು ಸಲ ಕುದಿಸಿ, ಪ್ರತಿ ಸಲ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಮೂರು ಕಷಾಯವನ್ನೂ ಒಂದೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿದೆವು. ನೂಲನ್ನೂ ಹಾಗೆಯೇ ಹಂಚಿದೆವು. ಒಬ್ಬೊಬ್ಬರು ನೂತ ಲಡಿಗಳು ಮೂರು ಪಾಲಾಗಿ ಮೂರೂ ಹಂಡೆಗೆ. ಒಬ್ಬರ ಹುರಿ ಬಿಗಿ, ಇನ್ನೊಬ್ಬರದು ಸಡಿಲ, ಬಿಗಿ ನೂಲು ಬಣ್ಣ ಕಡಿಮೆ ಕುಡಿಯುತ್ತದೆ. ಇದೇ ಕಾರಣಕ್ಕೆ ಎರಡೆಳೆ ಕೂಡಿಸಿದ ಮೇಲೆ ಬಣ್ಣ ಹಾಕಿ, ಕೊನೆಯ ಬಿಗಿ ಹುರಿಯನ್ನು ಒಣಗಿದ ನಂತರವೇ ಕೊಡಿಸಿದೆವು. ಲಡಿಯ ಕಟ್ಟು ಎಂಟರ ಆಕಾರದಲ್ಲಿ ಸಡಿಲವಾಗಿರಬೇಕು, ಇಲ್ಲದಿದ್ದರೆ ಕಟ್ಟಿನಡಿ ಬಿಳಿ ಉಳಿಯುತ್ತದೆ.

ಕಷಾಯವನ್ನು ಒಂದೇ ಸಲ ಸುರಿಯಲಿಲ್ಲ. ಮೊದಲು ಮೂರನೇ ಒಂದು ಪಾಲು ಮೂರೂ ಹಂಡೆಗೆ ಸಮ ಅಳೆದು ಹಾಕಿ, ಕೈ ತಾಳುವ ಬಿಸಿಯಲ್ಲಿ ನೂಲು ಇಳಿಸಿ ನಿಧಾನ ಕಾವು ಏರಿಸಿದೆವು. ಇಪ್ಪತ್ತು ನಿಮಿಷಕ್ಕೆ ಒಂದನೇ ಹಂಡೆಯ ನೂಲು ಎರಡಕ್ಕೆ, ಎರಡರದು ಮೂರಕ್ಕೆ, ಮೂರರದು ಒಂದಕ್ಕೆ. ಆಮೇಲೆ ಎರಡನೇ ಪಾಲು, ಮತ್ತೆ ಸ್ಥಳಪಲ್ಲಟ. ಮೂರನೇ ಪಾಲು ಹಾಕಿದ ಮೇಲೆ ಒಂದು ಗಂಟೆ ಅಲ್ಲಾಡಿಸದೆ ಬಿಡುವುದು. ಮೂರೂ ಹಂಡೆಯ ಕಾವು ಒಂದೇ ಇರಬೇಕು. ಬಿಸಿಯಿಂದ ತಣ್ಣಗಿರುವುದಕ್ಕೆ ಹಾರಿದ ಉಣ್ಣೆ ಕಂಬಳಿಯಂತೆ ಗಂಟುಕಟ್ಟುತ್ತದೆ. ರಾತ್ರಿಯಿಡೀ ಹಂಡೆಯಲ್ಲೇ ತಣಿಯಲಿ. ಆ ರಾತ್ರಿ ನೀರಿಗೆ ಇನ್ನೊಂದು ಸಾಮಾನು ಬೀಳುತ್ತದೆ, ಅದರ ಗುಟ್ಟು ನಮ್ಮಲ್ಲೇ ಇರಲಿ.

ಚಿಂಚೆರೊ ಇರುವುದು ಸುಮಾರು 3,760 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 87-88 ಡಿಗ್ರಿಗೇ ಕುದಿಯುತ್ತದೆ, ಥರ್ಮಾಮೀಟರ್ ನೋಡದಿದ್ದರೂ ಕೊಚಿನಿಯಲ್‌ಗೆ ಭಯವಿಲ್ಲ. ಬೆಂಗಳೂರಿನಲ್ಲಿ ಇದೇ ಲೆಕ್ಕ ಹಿಡಿಯುವವರು ಕುದಿ ಬರುವ ಮುಂಚೆಯೇ ಬೆಂಕಿ ತಗ್ಗಿಸಿ. ಇನ್ನೊಂದು, ನಮ್ಮೂರ ಪಾಪಸುಕಳ್ಳಿಯ ಮೇಲಿನ ಬಿಳಿ ಹತ್ತಿಯಂಥ ಹುಳ ಈ ಹುಳವಲ್ಲ. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಬಂದದ್ದೂ ಬೇರೆ ಜಾತಿಯೇ. ಈಸ್ಟ್ ಇಂಡಿಯಾ ಕಂಪನಿಗೆ ಬೇಕಾದ ಬಣ್ಣ ಸಿಗಲಿಲ್ಲ, ಕಳ್ಳಿ ನಾಶವಾಯಿತು. ಅದನ್ನು ಕಿತ್ತು ತಂದು ಈ ಪ್ರಮಾಣ ಹಾಕಿ ನನ್ನನ್ನು ಬೈಯಬೇಡಿ.

ದುಡ್ಡಿನ ಮಾತು, ನೆನಪಿದ್ದಷ್ಟು. ಹುಳ ನಾವು ಕೊಂಡಾಗ ಕಿಲೋಗೆ 180 ಸೋಲ್ (ಪೆರುವಿನ ನಾಣ್ಯ) ಆಸುಪಾಸು, ಹಾಗಾಗಿ ಒಂದು ಬಾರಿಗೆ 130. ಸೌದೆ, ಪಟಿಕ ಸೇರಿ ಇನ್ನೊಂದು 60. ಕೆಟ್ಟ ಮೂರು ಸಲದ್ದು ಹುಳವೊಂದೇ 400 ಸೋಲ್ ಹತ್ತಿರ, ನೂಲು ಬೇರೆ. ಆದರೆ ನೂಲು ಹಾಳಾಗಲಿಲ್ಲ. ಚುಕ್ಕೆ ಬಿದ್ದದ್ದನ್ನು ಆಕ್ರೋಟ್ ಸಿಪ್ಪೆ ಮತ್ತು ಕಬ್ಬಿಣದ ನೀರಿಗೆ ಅದ್ದಿ ಕಪ್ಪಿಗೆ ಹತ್ತಿರ ತಂದೆವು, ಮಂಕಾದದ್ದು ಹೊಕ್ಕಿಗೆ ಹೋಯಿತು. ಉಳಿದ ಹಂಡೆನೀರಲ್ಲಿ ಇನ್ನೂ ನಾಲ್ಕು ಕಿಲೋ ಗುಲಾಬಿ ಎದ್ದು ಚುಂಪಿ ಅನ್ನುವ ಸೊಂಟದ ಪಟ್ಟಿಗಳಿಗಾಯಿತು. ಲಾಭ ಬಂದದ್ದು ಅದರಲ್ಲೇ.

ನಿಂಬೆಹುಳಿ ಹಿಂಡಿ ಕಿತ್ತಳೆಗೆಂಪು ಮಾಡುವ ಆಟವನ್ನೂ ಆಡಿದೆವು. ಹಂಡೆಯಲ್ಲಿ ಚೆಂದ, ಸೋಪು ಸೋಕಿದರೆ ಮತ್ತೆ ಗುಲಾಬಿ. ದೊಡ್ಡ ಆರ್ಡರಿಗೆ ಬೇಡ.

ಕೊಲ್ಪಾ ಬಗ್ಗೆ ಒಂದು ಎಚ್ಚರಿಕೆ. ಬಣ್ಣ ಹಿಡಿಸಲು ಅಲ್ಲಿ ಬಳಸುವ ಈ ಖನಿಜ ಉಪ್ಪು ಒಂದೊಂದು ಗುಡ್ಡದ್ದು ಒಂದೊಂದು ಥರ. ತಾಮ್ರದ ಅಂಶವಿದ್ದರೆ ಚಿಲ್ಕಾ ಸೊಪ್ಪು ಒಳ್ಳೆ ಹಸಿರು ಕೊಡುತ್ತದೆ, ಕಬ್ಬಿಣವಿದ್ದರೆ ಕೆಂಪು ಕೆಡುತ್ತದೆ. ಪರೀಕ್ಷೆ ಸುಲಭ. ತಾರಾ ಕಾಯಿಯ ಕಷಾಯಕ್ಕೆ ಒಂದು ಚಿಟಿಕೆ ಹಾಕಿ, ನೀರು ಕಪ್ಪಾದರೆ ಕಬ್ಬಿಣವಿದೆ. ನಮ್ಮಲ್ಲಿ ಅಳಲೆಕಾಯಿ ನೀರೂ ಇದೇ ಕೆಲಸ ಮಾಡುತ್ತದೆ.

ನೀಲಿಯನ್ನು ಹಳೆಯ ಪದ್ಧತಿಯಲ್ಲೇ, ಹುಳಿಸಿದ ಮೂತ್ರದ ಮಡಕೆಯಲ್ಲಿ ಎಬ್ಬಿಸಲು ಹೋದದ್ದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಹಗಲು ಮಡಕೆ ಸರಿಯಾಗಿ ಹಸಿರು ತಿರುಗುತ್ತದೆ, ರಾತ್ರಿಯ ಚಳಿಗೆ ಸತ್ತುಹೋಗುತ್ತದೆ. ಈಗ ಮಡಕೆಯನ್ನು ಗೊಬ್ಬರದ ಗುಂಡಿಯಲ್ಲಿ ಕುತ್ತಿಗೆವರೆಗೆ ಹೂತಿದ್ದೇವೆ. ಒಂಬತ್ತನೇ ದಿನ, ಮೇಲೆ ತಾಮ್ರಬಣ್ಣದ ಕೆನೆ ಕಟ್ಟಲು ಶುರುವಾಗಿದೆ.