ಡಿಟಿಪಿ ಅಂಗಡಿಗಳಲ್ಲಿ ಸಿಕ್ಕ ಗೆಳೆಯರು

ನಮ್ಮ ಸಾಫ್ಟ್‌ವೇರ್ ಮಾಡುವ ಕೆಲಸ ಒಂದೇ. ಹಳೆಯ ನುಡಿ, ಬರಹ ಫಾಂಟಿನಲ್ಲಿರುವುದನ್ನು, ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸುವುದು. ಆ ಫೈಲುಗಳಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಸಾಲೂ ಓದಲು ಬರುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್‌ಗಳಲ್ಲಿ ಇಂಥ ಪುಸ್ತಕಗಳು ಎಷ್ಟು ಉಳಿದಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲಿ ನಮ್ಮ ಕೋಡ್ ಇಟ್ಟರೆ ಸಾಲದು, ಬೇಕಾದವರಿಗೆ ಮುಟ್ಟಬೇಕಲ್ವಾ? ಬೆಂಗಳೂರಿನಲ್ಲಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ ಸಾಫ್ಟ್‌ವೇರ್) ಸಭೆಗಳಿಗೆ ಬರವಿಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾದ ಸಮ್ಮೇಳನ ಫಾಸ್ ಡಾಟ್ ಇನ್ ಆಗಿ 2012ರವರೆಗೆ ನಡೆಯಿತು. ಈಗ ಫಾಸ್ ಯುನೈಟೆಡ್ ಸಂಸ್ಥೆಯ ಕೂಟಗಳಿವೆ. ಅಲ್ಲಿ ಕೋಡ್ ಬರೆಯುವ ಒಳ್ಳೆಯ ಜೊತೆಗಾರರು ಸಿಕ್ಕರು. ಆದರೆ ನುಡಿ ಫೈಲ್ ಇರುವವರು ಅಲ್ಲಿಗೆ ಬರುವುದಿಲ್ಲ. ಅವರು ಅವೆನ್ಯೂ ರಸ್ತೆಯಲ್ಲೋ ಸುಲ್ತಾನ್‌ಪೇಟೆಯಲ್ಲೋ ಡಿಟಿಪಿ ಅಂಗಡಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಅಂಗಡಿಯಲ್ಲಿ, ಲಗ್ನಪತ್ರಿಕೆಯ ಪ್ರೂಫ್ ತಿದ್ದುತ್ತಾ ಕೂತಿರುತ್ತಾರೆ. ಹಾಗಾಗಿ ನಾನೇ ಹೋದೆ.

ಅಲ್ಲಿ ಭಾಷಣ ನಡೆಯಲ್ಲ. ಕೆಲಸ ಕಡಿಮೆ ಇರುವ ಹೊತ್ತು ನೋಡಿ, ‘ನಿಮ್ಮದೇ ಒಂದು ಫೈಲ್ ಕೊಡಿ’ ಎಂದು ಕೇಳುತ್ತಿದ್ದೆ. ನಾವು ಆರಿಸಿ ತಂದ ಪಠ್ಯ ತೋರಿಸಿದರೆ ಯಾರಿಗೂ ನಂಬಿಕೆ ಬರಲ್ಲ. ಲೇಖಕರ ಹಸ್ತಪ್ರತಿ ಹೊರಗೆ ಹೋಗುತ್ತದೇನೋ ಎಂಬ ಭಯ ಎಲ್ಲರಿಗೂ ಇತ್ತು. ನ್ಯಾಯವಾದ ಭಯ. ಇಂಟರ್ನೆಟ್ ಕೇಬಲ್ ಕಿತ್ತು, ಆಮೇಲೆ ಫೈಲ್ ಬದಲಿಸಿ ತೋರಿಸಿದೆ.

‘ನಾಳೆ ಇದಕ್ಕೆ ದುಡ್ಡು ಕೇಳ್ತೀರಾ ಸಾರ್?’ ಎಂದರು ಅಂಗಡಿಯವರು. ಎಲ್ಲರೂ ಬಳಸಿ ಹಂಚಬಹುದಾದ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಲ್ಲಿ ಕೊಟ್ಟ ಪ್ರತಿಯನ್ನು ವಾಪಸ್ ಕಿತ್ತುಕೊಳ್ಳಲು ಆಗಲ್ಲ, ಪೆನ್‌ಡ್ರೈವಿಗೆ ಹಾಕಿ ಪಕ್ಕದ ಅಂಗಡಿಗೂ ಕೊಡಿ ಎಂದೆ. ಕೊಟ್ಟರು ಕೂಡ.

ಅವರು ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಡಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ, ಅದರಲ್ಲಿ ಯೂನಿಕೋಡ್ ನಡೆಯಲ್ಲ. ಆದರೆ ಅವರ ಅನ್ನ ಅದರಲ್ಲಿದೆ. ಅಚ್ಚಿನ ಕೆಲಸ ಹಾಗೇ ಇರಲಿ, ಪುಸ್ತಕ ಮುಗಿದ ಮೇಲೆ ಲೇಖಕರಿಗೊಂದು ಯೂನಿಕೋಡ್ ಪ್ರತಿ ಕೊಡಿ ಎಂದು ಕೇಳಿದೆ. ಇದಕ್ಕೆ ಬೇಗ ಒಪ್ಪಿದರು.

ನಮಗೆ ಅವರಿಂದ ಸಿಕ್ಕಿದ್ದು ಇನ್ನೂ ಜಾಸ್ತಿ. ನುಡಿಯಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ತರ್ಕ’ ಸುಲಭ. ‘ಸಾಮರ್ಥ್ಯ’ದಲ್ಲಿ ಯ ಒತ್ತೂ ಸೇರಿಕೊಂಡು ಅಕ್ಷರಗಳು ಅದಲುಬದಲಾಗುತ್ತಿದ್ದವು. ಪ್ರೂಫ್ ನೋಡಿ ಪಳಗಿದ ಕಣ್ಣಿಗೆ ಇದು ಒಂದೇ ನೋಟಕ್ಕೆ ಸಿಗುತ್ತದೆ. ಅವರು ಗಿಟ್‌ಹಬ್‌ನಲ್ಲಿ ಇಂಗ್ಲಿಷಿನಲ್ಲಿ ದೂರು ಬರೆಯಬೇಕು ಅನ್ನುವುದು ಅನ್ಯಾಯ. ವಾಟ್ಸಾಪ್‌ನಲ್ಲಿ ಒಂದು ಫೋಟೊ, ಒಂದು ಧ್ವನಿ ಸಂದೇಶ ಸಾಕು. ನಾವೇ ಅದನ್ನು ಕನ್ನಡದಲ್ಲಿ ದಾಖಲಿಸಿದೆವು. ಕೆಟ್ಟ ಪದ ಪ್ರತಿಯೊಂದೂ ಸಾಫ್ಟ್‌ವೇರ್ ಸರಿಯಿದೆಯೇ ಎಂದು ಪರೀಕ್ಷಿಸುವ ಒಂದು ಟೆಸ್ಟ್ ಆಯಿತು. ತಪ್ಪು ಸರಿಹೋದ ದಿನ ಫೋನ್ ಮಾಡಿ, ‘ನೀವು ಹೇಳಿದ ಪದ ಈಗ ಸರಿ ಬರುತ್ತೆ’ ಎಂದು ತಿಳಿಸಿದೆ. ನನ್ನ ಪ್ರಕಾರ ಜನ ನಮ್ಮ ಜೊತೆ ಉಳಿದದ್ದು ಆ ಫೋನಿನಿಂದ.

ಕಾಲೇಜು ಹುಡುಗರಿಗೂ ಇದೇ ಪದಗಳನ್ನು ಕೊಟ್ಟೆ. ಓಪನ್ ಸೋರ್ಸ್‌ಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಟೀ ಶರ್ಟ್ ಆಸೆಗೆ ಸುಮ್ನೆ ಕಳಿಸಿದ ಪುಲ್ ರಿಕ್ವೆಸ್ಟ್‌ಗಳಿಂದ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳಿಂದ) ಎಷ್ಟೋ ಪ್ರಾಜೆಕ್ಟ್‌ನವರು ಬೇಸತ್ತಿದ್ದರು. ನಿಜವಾದ ಕೆಲಸ ಕೊಟ್ಟರೆ ಹುಡುಗರು ನಿಜವಾಗಿ ಮಾಡುತ್ತಾರೆ. ಒಪ್ಪಿದ ಡಿಟಿಪಿ ಆಪರೇಟರ್‌ಗಳ ಹೆಸರನ್ನು ಕೋಡ್ ಬರೆದವರ ಪಟ್ಟಿಯಲ್ಲೇ ಸೇರಿಸಿದ್ದೇವೆ.

ಈಗ ಅಂಗಡಿಗಳಲ್ಲಿ ಶ್ರೀಲಿಪಿ ಎಂಬ ಇನ್ನೊಂದು ಬಗೆಯ ಫಾಂಟಿನ ಫೈಲುಗಳನ್ನೂ ಬದಲಿಸಿಕೊಡಿ ಎನ್ನುತ್ತಿದ್ದಾರೆ. ಅದರ ಅಕ್ಷರ ಜೋಡಣೆಯೇ ಬೇರೆ. ನಿಮ್ಮ ಹತ್ತಿರ ಅಂಥ ಹಳೆಯ ಫೈಲ್ ಇದ್ದರೆ, ಲೇಖಕರನ್ನು ಕೇಳಿ ಒಂದೆರಡು ಪುಟ ಕೊಡಿ.