ಗಡಿಯಾರ ನೋಡಿಕೊಂಡೇ ಮಾಡುವ ಕೆಲಸ

ವಿಕಿರಣ ಸೂಸುವ ಔಷಧ ಕೊಟ್ಟು ಸ್ಕ್ಯಾನ್, ಚಿಕಿತ್ಸೆ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಟೆಕ್ನಾಲಜಿಸ್ಟ್ ನಾನು. ನನ್ನ ದಿನಚರಿಯನ್ನು ನಿರ್ಧರಿಸುವುದು ಅರ್ಧಾಯು, ಅಂದರೆ ಔಷಧದ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ. ಮೂಳೆ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99ಎಂ ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ 8ಕ್ಕೆ 20 ಮಿಲಿಕ್ಯೂರಿ (ಔಷಧದ ವಿಕಿರಣಶೀಲತೆಯ ಅಳತೆ) ಇದ್ದದ್ದು ಮಧ್ಯಾಹ್ನ 2ಕ್ಕೆ 10. ದೂರದ ಊರಿನವರಿಗೆ ಬಸ್ ಹತ್ತಿದ ಮೇಲೆ ಫೋನ್ ಮಾಡಿ ಎನ್ನುವುದು ಇದೇ ಕಾರಣಕ್ಕೆ.

ಹೊಸ ವಿಧಾನ ಯಾವುದೇ ಇರಲಿ, ಮೊದಲು ಬರೀ ಸಲೈನ್ ತುಂಬಿದ ಸಿರಿಂಜ್‌ನಲ್ಲಿ ಕೈ ಪಳಗುವವರೆಗೂ ಅಭ್ಯಾಸ ಮಾಡುತ್ತೇನೆ. ನಿಜವಾದ ಔಷಧದ ಹತ್ತಿರ ತಡವರಿಸಿದಷ್ಟೂ ಬೆರಳಿಗೆ ಬೀಳುವ ವಿಕಿರಣ ಹೆಚ್ಚು. ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇದ್ದರೂ ಬೆರಳಿಗೆ ಪ್ರತ್ಯೇಕವಾಗಿ ಅಂಥದ್ದೇ ಉಂಗುರ ಹಾಕುವುದು ಅದಕ್ಕೇ. ನಮ್ಮ ದೇಶದ ನಿಯಮದಂತೆ ಸಿಬ್ಬಂದಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ದಾಟಬಾರದು, ಯಾವ ವರ್ಷವೂ 30 ಮೀರಬಾರದು.

ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಗೆ ಕೊಡುವ ವಿಕಿರಣಶೀಲ ಅಯೋಡಿನ್-131ರ ರೀತಿಯೇ ಬೇರೆ. ಅದರ ಗಾಮಾ ಕಿರಣಗಳಿಗೆ ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ ಹೆಚ್ಚೇನೂ ತಡೆಯಲ್ಲ. ದೂರ ನಿಲ್ಲುವುದೇ ಮೇಲು. ಅಂತರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧಾಯು ಎಂಟು ದಿನ ಎಂದು ಕೇಳಿದ ಮನೆಯವರು ಗಾಬರಿಯಾಗುತ್ತಾರೆ. ಆದರೆ ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡವರಲ್ಲಿ ಬಹುಪಾಲು ಅಯೋಡಿನ್ ಮೊದಲೆರಡು ದಿನಗಳಲ್ಲೇ ಮೂತ್ರದಲ್ಲಿ ಹೊರಟುಹೋಗುತ್ತದೆ. ಚೆನ್ನಾಗಿ ನೀರು ಕುಡಿಯಿರಿ, ಎರಡು ಸಲ ಫ್ಲಶ್ ಮಾಡಿ ಎಂದು ಹೇಳಿ ಹೇಳಿ ಕಳಿಸುತ್ತೇನೆ.

"ಅವಳ ತಟ್ಟೇಲಿ ಉಂಡರೆ ನಮಗೂ ಕ್ಯಾನ್ಸರ್ ಬರುತ್ತಾ ಮೇಡಂ?" ಎಂದು ಈ ಚಿಕಿತ್ಸೆ ಪಡೆದ ಹುಡುಗಿಯೊಬ್ಬಳ ತಾಯಿ ಕೇಳಿದ್ದರು. "ಕ್ಯಾನ್ಸರ್ ಅಂಟೋದಿಲ್ಲಮ್ಮ. ಎಂಜಲಲ್ಲಿ ಸ್ವಲ್ಪ ದಿನ ಅಯೋಡಿನ್ ಇರುತ್ತೆ, ಅಷ್ಟು ದಿನ ತಟ್ಟೆ ಲೋಟ ಬೇರೆ ಇಡಿ" ಎಂದೆ. ಇಂಥ ಪ್ರಶ್ನೆಗೆ ಭಯಪಡಬೇಡಿ ಎಂದಷ್ಟೇ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಕಾರಣ ತಿಳಿದವರು ಹೇಳಿದ್ದನ್ನು ಪಾಲಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಬಿಗಿ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಸೇರಿದ ಹಾಲು ಕುಡಿದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿತು. ಎಳೆಯರ ಗ್ರಂಥಿ ಅಷ್ಟು ಸೂಕ್ಷ್ಮ. ಹಾಲೂಡಿಸುವ ತಾಯಂದಿರು ಅಯೋಡಿನ್ ಚಿಕಿತ್ಸೆಗೆ ವಾರಗಳ ಮೊದಲೇ ಹಾಲೂಡಿಸುವುದನ್ನು ಪೂರ್ತಿ ನಿಲ್ಲಿಸಿರಬೇಕು. ಮನೆಗೆ ಹೋದ ಮೇಲೂ ನಾವು ಬರೆದುಕೊಟ್ಟ ದಿನದವರೆಗೆ ಮಗುವನ್ನು ಎತ್ತಿಕೊಳ್ಳುವಂತಿಲ್ಲ, ಗರ್ಭಿಣಿಯರ ಪಕ್ಕ ಮಲಗುವಂತಿಲ್ಲ.

ವಿಮಾನದಲ್ಲಿ ಹೋಗುವವರಿದ್ದರೆ ಚಿಕಿತ್ಸೆಯ ದಿನಾಂಕ, ಪ್ರಮಾಣ ಬರೆದ ಪತ್ರವನ್ನೂ ಕೊಡುತ್ತೇವೆ. ಕೆಲವು ವಾರ ಕಳೆದರೂ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೂಗಬಹುದು.